ಸೊಟ್ಟ ಹಂಚಿನ ಊರು

ಮನುಷ್ಯಕುಲದ ಮಹಾನ್ ನಾಗರಿಕತೆಗಳೆಲ್ಲ ನದಿಯ ದಂಡೆಯ ಮೇಲೆಯೇ ಹುಟ್ಟಿ ಬೆಳೆದವು ಎಂದು ಬಲ್ಲವರು ಹೇಳುತ್ತಾರೆ. ನಾನು ನದಿಯ ದಂಡೆಗೆ ಹೋದದ್ದು ಶುಗರ್ ಇಳಿಸಲು.

ಬೆಳಗಾವಿಯ ನೆಹರು ನಗರದ ಡಾಕ್ಟರರು ನನ್ನ ರಿಪೋರ್ಟನ್ನು ಒಮ್ಮೆ, ಹೊಟ್ಟೆಯನ್ನು ಒಮ್ಮೆ ನೋಡಿ, "ದಿನಾ ನಡೀಬೇಕ್ರಿ" ಎಂದರು. ನಾನಿರುವ ಖಾಸಬಾಗದಲ್ಲಿ ನಡೆಯುವುದು ಎಂದರೇನೆಂದು ಅಲ್ಲಿರುವವರಿಗೇ ಗೊತ್ತು. ಎಡಕ್ಕೆ ಸರಿದರೆ ಸ್ಕೂಟರ್. ಬಲಕ್ಕೆ ಸರಿದರೆ ಕೊತ್ತಂಬರಿ ಬುಟ್ಟಿ. ನಡುವೆ ನಿಂತರೆ ಪರಿಚಯದವರು. ಇವುಗಳಲ್ಲಿ ಮೂರನೆಯದೇ ಹೆಚ್ಚು ಅಪಾಯಕಾರಿ. "ಯಾಕ್ರೀ, ಸೊರಗೀರಿ?" ಎಂದು ಮರುಗಿ, ಚಹಾ ಕುಡಿಸದೆ ಬಿಡುವುದಿಲ್ಲ. ಸಕ್ಕರೆ ಸಹಿತ.

ಆಗ ಕೈಹಿಡಿದವರು ಗೆಳೆಯ ಅಪ್ಪಾಸಾಹೇಬರು. ಬಟ್ಟೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ ನಿವೃತ್ತರಾದವರು. (ಹಾಗೆಂದು ಅವರು ಹೇಳುತ್ತಾರೆ. ಮಗ ಇನ್ನೂ ಒಪ್ಪಿಲ್ಲ.) ಜೈನರು, ಸೂರ್ಯ ಮುಳುಗುವ ಮುಂಚೆ ರಾತ್ರಿಯೂಟ ಮುಗಿಸುವವರು. ಆದ್ದರಿಂದ ಅವರ ಜೊತೆ ಎಲ್ಲಿಗೆ ಹೋದರೂ ಬೆಳಕಿರುವಾಗಲೇ ಮನೆಗೆ ಬರುತ್ತೇವೆಂಬ ಭರವಸೆ ನನ್ನ ಹೆಂಡತಿಗೆ ಇದೆ. ನನ್ನ ಬೇರೆ ಯಾವ ಗೆಳೆಯರ ಬಗ್ಗೆಯೂ ಆಕೆಗೆ ಯಾವ ಭರವಸೆಯೂ ಇಲ್ಲ.

ಅಪ್ಪಾಸಾಹೇಬರು ಕಾರು ತೆಗೆದರು. ಖಾನಾಪುರ ದಾಟಿ, ಮಲಪ್ರಭೆಯ ದಂಡೆಯ ಒಂದು ಹಳ್ಳಿಯ ಹತ್ತಿರ ನಿಲ್ಲಿಸಿದರು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿಗೂ ಈ ಪತ್ರಿಕೆ ಹೋಗುತ್ತದೆ, ಮತ್ತು ಈ ಲೇಖನದಲ್ಲಿ ಬರುವ ಇಬ್ಬರು ಹೆಂಗಸರು ಓದು ಬಲ್ಲವರು.

ಯುಗಾದಿ ಮುಗಿದ ವಾರ. ಹೊಂಗೆ ಮರಗಳು ಈಗಷ್ಟೇ ತಲೆಗೆ ಎಣ್ಣೆ ಹಚ್ಚಿಕೊಂಡವರಂತೆ ಹೊಳೆಯುತ್ತಿದ್ದವು. ಗೇರು ಹಣ್ಣಿನ ಕಟುವಾಸನೆ ಬೇಲಿ ಹಾರಿ ದಾರಿಗೆ ಬಂದಿತ್ತು. ಹೊಳೆ ತನ್ನ ಕಲ್ಲುಗಳನ್ನೆಲ್ಲ ಬಿಸಿಲಿಗೆ ಹರವಿಟ್ಟು, ತಾನು ಮಾತ್ರ ಒಂದು ಅಂಚಿನಲ್ಲಿ ಮೆಲ್ಲಗೆ ಹೋಗುತ್ತಿತ್ತು. ನಾನೂ ಹಾಗೆಯೇ ಹೋಗುತ್ತಿದ್ದೆ.

"ಸ್ವಲ್ಪ ಜೋರ ನಡೀರಿ," ಅಂದರು ಅಪ್ಪಾಸಾಹೇಬರು. "ಇದು ವಾಕಿಂಗು. ಅಂತ್ಯಯಾತ್ರಾ ಅಲ್ಲ."

ದಾರಿ ಕೆಂಪಾಗಿತ್ತು. ಮಣ್ಣಿನ ಕೆಂಪಲ್ಲ, ಬಗ್ಗಿ ನೋಡಿದರೆ ಹಂಚಿನ ಚೂರು. ಊರಿನ ಓಣಿಗಳಿಗೆಲ್ಲ ಹಂಚಿನ ಚೂರನ್ನೇ ಹಾಸಿದ್ದರು. ಕೋಳಿ ನೀರು ಕುಡಿಯುವುದು ಮಗುಚಿಟ್ಟ ಮೂಲೆಹಂಚಿನಲ್ಲಿ. ಹೂಬಳ್ಳಿಯ ಪಾತಿಗೆ ಸುತ್ತಲೂ ನಿಲ್ಲಿಸಿದ ಹಂಚಿನ ಅಂಚು. ಮಕ್ಕಳು ಲಗೋರಿ ಆಡುತ್ತಿದ್ದದ್ದೂ ಹಂಚಿನ ಬಿಲ್ಲೆಗಳಿಂದಲೇ. ಊರಾಚೆ ಹಂಚಿನ ಕಾರ್ಖಾನೆಯ ಚಿಮಣಿ ನಿಂತಿದೆ, ನೆತ್ತಿಯ ಮೇಲೆ ಒಂದು ಅರಳಿಗಿಡ ಇಟ್ಟುಕೊಂಡು. ಭಟ್ಟಿಯೊಳಗೆ ಮುಳ್ಳುಕಂಟಿ. ಮಣ್ಣು ತೆಗೆದ ಹೊಂಡಗಳು ಕೆರೆಯಾಗಿ, ಅದರಲ್ಲಿ ಎಮ್ಮೆಗಳು ಮಾಜಿ ಮಾಲೀಕರ ಗಾಂಭೀರ್ಯದಿಂದ ಕುಳಿತಿದ್ದವು.

ಒಂದು ಕಾಲಕ್ಕೆ ಕೊಂಕಣದಿಂದ ಮುಂಬೈವರೆಗೆ ಮನೆಗಳ ತಲೆ ಮುಚ್ಚಿದ ಊರಂತೆ ಇದು. ನಂತರ ಎಲ್ಲರೂ ಸ್ಲ್ಯಾಬ್ ಹಾಕಿಸಿದರು. ಕಾರ್ಖಾನೆ ನಿಂತಿತು. ಉಳಿದಿದ್ದ ಗಟ್ಟಿ ಹಂಚನ್ನು ಯಾರೋ ವ್ಯಾಪಾರಿ ಗೋವಾದ ಹೋಮ್‌ಸ್ಟೇಗಳಿಗೆ ಒಯ್ದ. (ಬೇಡವೆಂದು ಕಿತ್ತು ಹಾಕಿದ್ದನ್ನು ಪ್ರವಾಸ ಹೋಗಿ ನೋಡುವುದಕ್ಕೆ ನಾವು ಪ್ರಗತಿ ಎನ್ನುತ್ತೇವೆ.)

ಓಣಿಯ ತುದಿಯ ಮನೆಯ ಮುಂದೆ ಒಬ್ಬ ಹೆಣ್ಣುಮಗಳು ಬಿದಿರಿನ ಗಳ ಹಿಡಿದು, ಛಾವಣಿಯ ಮೇಲಿನ ಮಂಗಗಳನ್ನು ಬೈಯುತ್ತಿದ್ದರು. ಒಂದು ವಾಕ್ಯ ಕನ್ನಡದಲ್ಲಿ, ಒಂದು ಮರಾಠಿಯಲ್ಲಿ. ಮಂಗಗಳು ಯಾವ ಭಾಷೆಯವು ಎಂಬುದು ಅವರಿಗೆ ಖಾತ್ರಿ ಇದ್ದಂತಿರಲಿಲ್ಲ. ಮಂಗಗಳು ಎರಡನ್ನೂ ಕೇಳಿಸಿಕೊಂಡು, ಪಕ್ಕದ ಹಲಸಿನ ಮರಕ್ಕೆ ಹಾರಿದವು. ಹಾರುವ ಮುಂಚೆ ಒಂದು ಹಂಚನ್ನು ಕಾಲಿನಿಂದ ಒದ್ದವು. ಅದು ಬಂದು ನಮ್ಮ ಮುಂದೆ ಬಿದ್ದು ಚೂರಾಯಿತು.

"ಲಾಗ್ಲ ಕಾ?" ಅಂದರು ಅವರು ಗಾಬರಿಯಾಗಿ. ನನ್ನ ಮುಖ ನೋಡಿ ಕನ್ನಡಕ್ಕೆ ಬಂದರು. "ಬಡೀತೇನ್ರಿ ಕಾಕಾ?"

"ಇಲ್ಲವ್ವಾ, ನನಗಲ್ಲ, ಹಂಚಿಗೇ ಪೆಟ್ಟಾತು."

ಮಾಲನಬಾಯಿ ಎಂದು ಹೆಸರು. ನಗಬೇಕೋ ಬೇಡವೋ ಎಂದು ಯೋಚಿಸಿ, ನಕ್ಕರು. ನಂತರ ಮೇಲೆ ನೋಡಿದರು, ನಗು ಹೋಯಿತು. ಒಳಗೆ ಕರೆದು ಕೂರಿಸಿ ಬೆಲ್ಲ-ನೀರು ಕೊಟ್ಟರು. (ಡಾಕ್ಟರರು ಬೆಲ್ಲದ ವಿಷಯ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.) ಕೂತಲ್ಲಿಂದಲೇ ಒಳಕೋಣೆ ಕಾಣುತ್ತಿತ್ತು. ಸುಣ್ಣ ಬಳಿದು, ಹೊರಸು ಹಾಕಿ, ಮೂಲೆಯಲ್ಲಿ ಹೊಸ ತೊಟ್ಟಿಲು ಇಟ್ಟಿದ್ದರು. ತೊಟ್ಟಿಲಿನ ನೇರ ಮೇಲೆ ಆಕಾಶ.

"ಮಗಳು ಸುನೀತಾ. ಮೊದಲನೇ ಬಾಣಂತನ ರೀ. ಮಳಿಗಾಲ ಹಿಡಿಯೂ ಹೊತ್ತಿಗೆ ದಿನಾ ತುಂಬತಾವ," ಎಂದರು ಮಾಲನಬಾಯಿ. "ಬೀಗರದು ನೆಹರು ನಗರದಾಗ ಸ್ಲ್ಯಾಬಿನ ಮನಿ. ನಮ್ಮ ಬೀಗತಿ ಬಂದು ಇದನ್ನ ನೋಡಿ ಹೋದ್ರು. ಸೋರೂ ಕೋಣ್ಯಾಗ ಕೂಸಿನ್ನ ಮಲಗಿಸಾಕ ಬಿಡೂದಿಲ್ಲ, ಇಲ್ಲೇ ನಮ್ಮ ಮನ್ಯಾಗ ಆಗ್ಲಿ ಅಂದ್ರು."

"ಸಿಟ್ಟಿಲೇ ಅಂದ್ರೇನು?" ಅಪ್ಪಾಸಾಹೇಬರು ಕೇಳಿದರು.

"ಸಿಟ್ಟಿಲೇ ಅಂದಿದ್ರ ಜಗಳಾ ಮಾಡಿ ಕರಕೊಂಡ ಬರತಿದ್ದೆ. ಸಮಾಧಾನದಿಂದ ಅಂದ್ರು. ಖರೇನೂ ಅಂದ್ರು. ಏನ್ ಮಾಡ್ಲಿ?"

ಖಾನಾಪುರದ ಮಳೆಯನ್ನು ಕಂಡವರು ಆ ಬೀಗಿತ್ತಿಯನ್ನು ದೂರಲಾರರು. ಆದರೆ ಮೊದಲ ಬಾಣಂತನಕ್ಕೆ ಮಗಳು ತವರಿಗೆ ಬರಲಿಲ್ಲವೆಂದರೆ ತಾಯಿ ಓಣಿಯಲ್ಲಿ ಹೇಗೆ ತಿರುಗಾಡಬೇಕು? ಓಣಿಯ ಮಾತು ಹಾಗಿರಲಿ. ಆ ತೊಟ್ಟಿಲು ಯಾರಿಗೆ?

"ಹಂಚು ಬದಲಿ ಮಾಡಸ್ರಿ," ಅಂದೆ, ತಜ್ಞನಂತೆ.

"ಎಲ್ಲಿ ಸಿಗತಾವ್ರಿ? ಬ್ಯಾರೆ ಕಾರ್ಖಾನಿ ಹಂಚು ಇದಕ್ಕ ಕೂಡೂದಿಲ್ಲ. ನಮ್ಮ ಕಾರ್ಖಾನಿ ಹಂಚ ಬೇಕು. ಅವು ಈಗ ಗೋವಾದಾಗ ಬೀರ್ ಕುಡಿಯಾವರ ತಲಿ ಮ್ಯಾಲೆ ಅದಾವ."

ಹಂಚು ಮಾಡಿದ ಊರಿನಲ್ಲಿ ಹಂಚಿಲ್ಲ. ನಾನು ಬಿದ್ದ ಹಂಚಿನ ಚೂರನ್ನು ಎತ್ತಿ ನೋಡಿದೆ. ಹಿಂಬದಿಯಲ್ಲಿ ಕಾರ್ಖಾನೆಯ ಮುದ್ರೆ: ಒಂದು ಆನೆ, ಸೊಂಡಿಲು ಮೇಲೆತ್ತಿದ್ದು. ಈ ಆನೆಯನ್ನು ನಾನು ಚಿಕ್ಕಂದಿನಿಂದ ಬಲ್ಲೆ. ನಮ್ಮ ಖಾಸಬಾಗದ ಮನೆಯ ಹಿತ್ತಲಿನಲ್ಲಿ ಕಟ್ಟಿಗೆಮನೆ ಇದೆ. ಅದರ ಛಾವಣಿಯ ತುಂಬ ಇದೇ ಆನೆಯ ಹಂಚು. ಗ್ಯಾಸ್ ಬಂದ ಮೇಲೆ ಅಲ್ಲಿ ಕಟ್ಟಿಗೆ ಇಲ್ಲ. ಎಸೆಯಲಾಗದ ಸಾಮಾನುಗಳಿವೆ, ಅವುಗಳನ್ನು ಎಸೆಯಲಾಗದ ನಾನಿದ್ದೇನೆ.

ನನ್ನೊಳಗೆ ಒಬ್ಬ ದಾನಶೂರ ಎದ್ದು ಕುಳಿತ. "ಮಾಲನಬಾಯಿ," ಎಂದೆ, ಎದ್ದು ನಿಂತು. (ಇಂಥ ಮಾತುಗಳನ್ನು ಕೂತು ಹೇಳಬಾರದು.) "ನಿಮ್ಮ ಹಂಚು ಬರತಾವ."

ಮನೆಯಲ್ಲಿ ಭಾರೀ ಪ್ರತಿರೋಧ ನಿರೀಕ್ಷಿಸಿದ್ದೆ. ಹೆಂಡತಿ ಕೇಳಿದ್ದು ಒಂದೇ ಮಾತು: "ಹಂಚಿನ ಕೂಡ ಕೆಳಗಿನ ಸಾಮಾನೂ ಒಯ್ತಾರೇನು?"

ಎರಡನೆಯ ಪ್ರಯಾಣಕ್ಕೆ ಅಂಗಡಿಯ ಟೆಂಪೊ ಬಂತು. ನಡುವೆ ಒಣಹುಲ್ಲು ಇಟ್ಟು, ಹಂಚುಗಳನ್ನು ಸೀರೆ ಜೋಡಿಸಿದಂತೆ ಜೋಡಿಸಿದವರು ಅಪ್ಪಾಸಾಹೇಬರೇ. ನಾವು ಊರು ಸೇರಿದಾಗ ಮಧ್ಯಾಹ್ನದ ಬಿಸಿಲು ಇಳಿಯುತ್ತಿತ್ತು. ಮಾಲನಬಾಯಿ ಟೆಂಪೊದ ಮುಂದೆ ತೆಂಗಿನಕಾಯಿ ಒಡೆದರು. ಅವರ ಗಂಡ ಪರಶುರಾಮ, ಕಾರ್ಖಾನೆಯ ಕೊನೆಯ ದಿನದವರೆಗೂ ಅಲ್ಲಿ ಕೆಲಸ ಮಾಡಿದವರು, ಒಂದು ಹಂಚು ಕೈಗೆತ್ತಿಕೊಂಡು ಬೆರಳಿನಿಂದ ಬಡಿದರು. ಟಣ್ ಅಂತು.

"ಕೇಳ್ರಿ! ದೇವಳದ ಗಂಟಿ ಇದ್ದಂಗ ಅದ. ನಮ್ಮ ಕಾರ್ಖಾನಿ ಮಾಲು ರೀ. ಕಣ್ಣ ಮುಚಗೊಂಡು ಹಚ್ಚಬಹುದು."

ಕಣ್ಣು ತೆರೆದೇ ಹಚ್ಚಿದರು. ಕೂಡಲಿಲ್ಲ.

ತಿರುಗಿಸಿ ಹಚ್ಚಿದರು. ಒಂದು ಮೂಲೆ ಕೂತರೆ ಇನ್ನೊಂದು ಎದ್ದಿತು. ಒತ್ತಿದರೆ ಪಕ್ಕದ ಹಳೆಯ ಹಂಚು ಎದ್ದಿತು. ಅದನ್ನು ಒತ್ತಿದರೆ ಅದರ ಪಕ್ಕದ್ದು. ಕೆಳಗೆ ನಿಂತು ನೋಡಿದರೆ ಸಂದಿನಲ್ಲಿ ಸೂರ್ಯ ಕಾಣುತ್ತಿದ್ದ. ಬೇರೆ ಹಂಚು ತೆಗೆದುಕೊಂಡರು, ಮತ್ತೊಂದು ತೆಗೆದುಕೊಂಡರು. ಎಲ್ಲ ಅದೇ ಹಣೆಬರಹ.

"ನಿಮ್ಮ ಹಂಚ ವಾಕಡ್ಯಾ ಅದಾವ್ರಿ," ಎಂದರು ಪರಶುರಾಮ ಮೇಲಿಂದ.

ನಮ್ಮಪ್ಪ ಹಾಕಿಸಿದ ಹಂಚು ಸೊಟ್ಟವೇ? ನಾನು ಮನೆತನದ ಗೌರವವನ್ನು ಉಳಿಸಲು ಒಂದು ಹಂಚನ್ನು ಜಗುಲಿಯ ಕಡಪಾ ಕಲ್ಲಿನ ಮೇಲೆ ಮಗುಚಿಟ್ಟೆ. ನಾಲ್ಕೂ ಮೂಲೆ ನೆಲಕ್ಕೆ ಹತ್ತಿದವು. ಪರಶುರಾಮ ತಮ್ಮ ಛಾವಣಿಯದೊಂದನ್ನು ಇಳಿಸಿ ಪಕ್ಕದಲ್ಲಿಟ್ಟರು. ಅದು ತೊಟ್ಟಿಲಿನಂತೆ ತೂಗಿತು.

 ಪರಶುರಾಮ ಅದನ್ನು ಇನ್ನೊಮ್ಮೆ ಬೆರಳಿನಿಂದ ತೂಗಿ ನೋಡಿದರು. ಅದು ಮತ್ತೆ ತೂಗಿತು. ಆಮೇಲೆ ಅವರು ನಗತೊಡಗಿದರು. "ಅಪ್ಪನ ಕಾಲದ್ದು ರೀ! ಚಲೋ ಹಂಚು ಲಾರಿಗೆ ಹೋಗತಿದ್ವು. ಭಟ್ಟ್ಯಾಗ ಉರಿ ಹೆಚ್ಚಾಗಿ ಸೊಟ್ಟ ಆದವನ್ನ ಕಾರ್ಖಾನಿಯವ್ರು ಕೆಲಸದವರಿಗೆ ಹಂಗ ಕೊಡತಿದ್ರು. ಇಡೀ ಊರು ಅದರಾಗ ಆತು. ಹುಟ್ಟಿದಾಗಿಂದ ಇವನ್ನ ನೋಡಿ, ನೆಟ್ಟಗ ಅಂದ್ರ ಹಿಂಗ ಇರತಾವ ಅಂತ ತಿಳಕೊಂಡೇನಿ ನಾನು."

ಒಂದೇ ಭಟ್ಟಿಯಲ್ಲಿ, ಒಂದೇ ಉರಿಗೆ ಬಾಗಿದ ಹಂಚುಗಳು ಒಂದೇ ರೀತಿ ಬಾಗಿರುತ್ತವೆ. ಅವುಗಳೊಳಗೆ ಅವು ಚೆನ್ನಾಗಿ ಕೂಡುತ್ತವೆ. ನೆಟ್ಟಗಿನದು ಒಂದು ಬಂದರೆ ಸಾಕು, ಇಡೀ ಸಾಲು ಕದಡುತ್ತದೆ. (ಇದು ಛಾವಣಿಗಳಿಗೆ ಮಾತ್ರ ಅನ್ವಯಿಸುತ್ತದೆಯೇ? ನಾನು ಕೂತಿದ್ದ ಸಮಿತಿಗಳು ನೆನಪಾದವು.) ಆ ಕೋಣೆಯೊಂದಕ್ಕೆ ಪೂರ್ತಿ ಹೊಸತು ಹಚ್ಚೋಣವೆಂದರೆ, ಮನೆಯ ಇಳಿಜಾರು ಒಂದೇ. ಎಲ್ಲಿ ಮುಗಿಸಿದರೂ ನೆಟ್ಟಗಿನದು ಸೊಟ್ಟದ ಪಕ್ಕಕ್ಕೇ ಬರಬೇಕು.

ಮಾಲನಬಾಯಿ ಒಳಗೆ ಹೋಗಿ, ತೊಟ್ಟಿಲಿನ ಮೇಲೆ ಬಿದ್ದಿದ್ದ ಧೂಳನ್ನು ಸೆರಗಿನಿಂದ ಒರೆಸಿದರು. ಮತ್ತೆ ಮೇಲಿನಿಂದ ಧೂಳು ಬಿತ್ತು. ಮತ್ತೆ ಒರೆಸಿದರು. ನನ್ನೊಳಗಿನ ದಾನಶೂರ ಎತ್ತ ಹೋದನೋ ತಿಳಿಯಲಿಲ್ಲ.

ಅಪ್ಪಾಸಾಹೇಬರು ಪಡುವಣಕ್ಕೆ ನೋಡಿದರು. ಸೂರ್ಯ ಚಿಮಣಿಯ ಹೆಗಲಿಗೆ ಬಂದಿದ್ದ. ಬೆಳಗಾವಿ ದೂರ, ಊಟ ಬೆಳಗಾವಿಯಲ್ಲಿ. "ಇದರಾಗ ಏನ್ ವಿಚಾರ ಮಾಡತೀರಿ? ಗಿರಾಕಿಗೆ ಸೈಜ್ ಆಗಲಿಲ್ಲ ಅಂದ್ರ ಅಂಗಡ್ಯಾಗ ನಾವೇನ್ ಮಾಡತೀವಿ? ಎಕ್ಸ್‌ಚೇಂಜ್! ನಿಮ್ಮಂಥಾದ ಸೊಟ್ಟ ಹಂಚು ಯಾರ ಮನಿ ಮ್ಯಾಲೆ ಅದಾವ? ಅಕಾ ನೋಡ್ರಿ, ಬಾಜೂಕ ಎಮ್ಮಿ ಕೊಟ್ಟಗಿ. ಅವೂ ಹಂಗ ಕಾಣತಾವ. ಆ ಕೊಟ್ಟಗಿ ಬ್ಯಾರೆನ ನಿಂತದ. ಅದಕ್ಕ ಪೂರಾ ಇವನ್ನ ಹಚ್ಚಿ, ಅಲ್ಲಿವು ಇಲ್ಲಿ ತರ್ರಿ. ಮುಗೀತು."

 ಪರಶುರಾಮ ಛಾವಣಿಯ ಮೇಲೆ ಇಲ್ಲದ ಕೆಲಸ ಹುಡುಕತೊಡಗಿದರು. ಎದ್ದ ಹಂಚನ್ನು ಒತ್ತಿದರು, ಕೂತ ಹಂಚನ್ನು ಎತ್ತಿದರು.

ಆ ಕೊಟ್ಟಿಗೆ ಅವರ ತಮ್ಮನದು. ತಮ್ಮ ಗೋವಾದಲ್ಲಿ ಕೆಲಸಕ್ಕಿದ್ದಾನೆ. ಕೊಟ್ಟಿಗೆ, ಎಮ್ಮೆ ನೋಡಿಕೊಳ್ಳುವವಳು ಅವನ ಹೆಂಡತಿ ಶೋಭಾ. ಮನೆ ಪಾಲಾದಾಗ ಹಂಚಿಕೆಯಾಗದೆ ಉಳಿದದ್ದು ನಡುವಿನ ಹಲಸಿನ ಮರ. ಅದರ ಕಾಯಿ ಯಾರದೆಂದು ನೆಗೆಣ್ಣಿಯರಿಬ್ಬರಿಗೂ ಜಗಳವಾಗಿ ಮಾತು ನಿಂತಿತ್ತು. ನೀನು ಕೀಳಬೇಡ, ನಾನೂ ಕೀಳುವುದಿಲ್ಲ ಎಂಬ ಒಪ್ಪಂದ. ಹಾಗಾಗಿ ಕಾಯಿಯೆಲ್ಲ ಮರದಲ್ಲೇ ಹಣ್ಣಾಯಿತು, ಹಣ್ಣಿಗೆ ಮಂಗಗಳು ಬಂದವು, ಮಂಗಗಳ ದಾರಿಗೆ ಮಾಲನಬಾಯಿಯ ಛಾವಣಿ ಬಂತು. (ಗಡಿ ವಿವಾದಗಳ ಬಗ್ಗೆ ಬೆಳಗಾವಿಯವರಿಗೆ ನಾನು ಹೆಚ್ಚು ಹೇಳಬೇಕಿಲ್ಲ.)

ಮಾತು ನಿಂತಿತ್ತು ಅಂದೆ. ಪೂರ್ತಿ ನಿಂತಿರಲಿಲ್ಲ. ಇಬ್ಬರೂ ಹೇಳಬೇಕಾದದ್ದನ್ನು ಎಮ್ಮೆಗೆ ಹೇಳುತ್ತಿದ್ದರು.

ಮಾಲನಬಾಯಿ ಬೇಲಿಯ ಹತ್ತಿರ ಹೋಗಿ ನಿಂತರು. "ಏ ಚಂದ್ರಿ," ಅಂದರು. ಎಮ್ಮೆ ತಲೆ ಎತ್ತಿತು, ಅಭ್ಯಾಸವಾಗಿತ್ತು. "ನಿನ್ನ ಮ್ಯಾಲೆ ಹೊಸಾ ಹಂಚು ಹಚ್ಚಿಸಿಕೊಳ್ಳತೀಯೇನ? ಖಾಸಬಾಗದಿಂದ ಬಂದಾವ. ನಿನ್ನ ಹಳೇವು ನನಗ ಬೇಕಾಗಿದ್ವು."

ಕೊಟ್ಟಿಗೆಯೊಳಗಿಂದ ಉತ್ತರ ಬಂತು. ಧ್ವನಿ ಎಮ್ಮೆಯದಲ್ಲ. "ಚಂದ್ರಿ, ಹಳೇವು ಯಾಕ ಬೇಕಂತ ಕೇಳ."

"ಸುನೀ ಬಾಣಂತನಕ್ಕ ಬರಾಕಿ ಇದ್ದಾಳ ಅಂತ ಹೇಳ ಚಂದ್ರಿ. ಕೋಣಿ ಸೋರಿದ್ರ ಬರಾಕ ಬಿಡೂದಿಲ್ಲ ಅವರು."

 ಒಳಗೆ ಸಗಣಿ ಬಳಿಯುವ ಸದ್ದು ನಿಂತಿತು. ಶೋಭಾ ಪೊರಕೆ ಹಿಡಿದೇ ಬಾಗಿಲಿಗೆ ಬಂದಳು. "ಸುನೀಗೆ ದಿನಾ ತುಂಬಾಕ ಬಂದಾವ ಅಂತ ನನಗ ಯಾರ ಹೇಳಿದ್ರು ಗೊತ್ತೇನ ಚಂದ್ರಿ? ಹೊಳ್ಯಾಗ ಅರಿಬಿ ಒಗಿಯಾಕ ಹೋದಾಗ ಮಂದಿ ಹೇಳಿದ್ರು. ಕುಬಸ ಮಾಡಿದ್ರಂತ. ಊರಿಗೆಲ್ಲಾ ಹೇಳಿದ್ರಂತ. ದಿನಾ ಆಕಿ ಜಡಿ ಹಾಕಿ ಸಾಲಿಗೆ ಕಳಿಸಿದಾಕಿ ನಾನು. ನನಗ ಹೇಳಲಿಲ್ಲ ಚಂದ್ರಿ. ನಿನಗರ ಹೇಳಿದ್ರೇನು?"

ಚಂದ್ರಿ ಇಬ್ಬರನ್ನೂ ನೋಡಿತು. ಸಂಧಾನಕಾರರಿಗೆ ಇರಬೇಕಾದ ಎಲ್ಲ ಗುಣ ಅದಕ್ಕಿತ್ತು, ಏನನ್ನೂ ಹೇಳಲಿಲ್ಲ.

ಹಂಚಿನ ವಿಷಯವೇ ಅಲ್ಲ ಇದು ಎಂದು ನಮಗೆ ಆಗ ಗೊತ್ತಾಯಿತು. ಹಲಸಿನದೂ ಅಲ್ಲ. ಅಪ್ಪಾಸಾಹೇಬರು ಸೂರ್ಯನನ್ನು ನೋಡುವುದನ್ನು ಬಿಟ್ಟರು. ಆ ಮನುಷ್ಯ ಊಟದ ಹೊತ್ತು ಮರೆತದ್ದನ್ನು ನಾನು ಇಷ್ಟು ವರ್ಷಗಳಲ್ಲಿ ಅಂದೇ ಕಂಡದ್ದು.

ಮಾಲನಬಾಯಿ ಬೇಲಿಯ ಗೂಟ ಹಿಡಿದು ನಿಂತೇ ಇದ್ದರು. ಸೀಮಂತದ ಕುಬಸಕ್ಕೆ ಕರೆಯದಿದ್ದದ್ದಕ್ಕೆ ಕಾರಣ ಹೇಳಬಹುದಿತ್ತು. ಅವರ ಬಳಿ ಕಾರಣಗಳು ಇದ್ದವು ಕೂಡ. ಬಾಯಿಯವರೆಗೆ ಬಂದದ್ದು ಕಂಡಿತು. ನುಂಗಿಕೊಂಡರು. ಕೊನೆಗೆ ಎಮ್ಮೆಯನ್ನು ಬಿಟ್ಟು, ಆಚೆಯವಳ ಮುಖ ನೋಡಿದರು.

"ಶೋಭಾ," ಅಂದರು. "ಹಸಿಗೂಸಿಗೆ ಎಣ್ಣಿ ಹಚ್ಚಿ ಎರಿಯಾಕ ನನ್ನ ಕೈ ನಡಗತಾವ. ನಿನಗ ಗೊತ್ತದ. ಸುನೀಗೂ ನೀನ ಎರದಿ. ಈ ಸಲಾನೂ ನೀನ ಬರಬೇಕು."

ಶೋಭಾ ಪೊರಕೆಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿದಳು. ಅಳುತ್ತಾಳೆಂದು ನಾನು ಬೇರೆ ಕಡೆ ನೋಡಲು ಸಿದ್ಧನಾದೆ. ಅವಳು ಅಳಲಿಲ್ಲ. ಛಾವಣಿ ಕಡೆ ತಿರುಗಿ ಕೂಗಿದಳು: "ಭಾವಾ, ಅಲ್ಲೇನ ಕುಂತೀರಿ ಕಾಗಿ ಕುಂತಂಗ? ಇಳದ ಬರ್ರಿ! ಕೊಟ್ಟಗಿ ಹಂಚು ತಾನ ಹಾರಿ ಬರತಾವೇನು?"

ಭಾವ ಇಳಿದು ಬಂದ ವೇಗಕ್ಕೆ ಇನ್ನೆರಡು ಹಂಚು ಒಡೆದವು. ಯಾರೂ ಬೈಯಲಿಲ್ಲ.

ನಂತರದ್ದು ಬರಿಯ ದುಡಿಮೆ. ಕೊಟ್ಟಿಗೆಯ ಹಂಚು ಕೈಯಿಂದ ಕೈಗೆ ಬಂತು: ಪರಶುರಾಮರಿಂದ ಟೆಂಪೊದ ಡ್ರೈವರನಿಗೆ, ಅವನಿಂದ ಶೋಭಾಗೆ, ಶೋಭಾಳಿಂದ ಮಾಲನಬಾಯಿಗೆ. ನಡುನಡುವೆ ಮಾತು. "ಹಗೂರಕ ಹಿಡಿ ಶೋಭಾ." "ನನಗ ಗೊತ್ತದ ಅಕ್ಕಾ, ನೀ ನಿನ್ನ ಕಾಲ ನೋಡಕೋ." ಇಷ್ಟು ದಿನ ಎಮ್ಮೆಯ ಮೂಲಕ ಹೋಗದೆ ಉಳಿದಿದ್ದ ಟೀಕೆ ಟಿಪ್ಪಣಿಗಳೆಲ್ಲ ಒಟ್ಟಿಗೆ ಹೊರಬಂದವು. ಚೆನ್ನಾಗಿ ಬೈದಾಡಿಕೊಂಡರು. ಅಪ್ಪಾಸಾಹೇಬರೂ ಶರ್ಟಿನ ತೋಳು ಮಡಚಿ ಸಾಲಿಗೆ ಸೇರಿದರು. ನನ್ನನ್ನು ಮಾತ್ರ ಕುರ್ಚಿ ಹಾಕಿ ಕೂರಿಸಿದರು. "ನೀವು ಕುಂದರ್ರಿ ಕಾಕಾ. ಹಂಚು ಕೊಟ್ಟಾವ್ರು ನೀವು," ಎಂದರು. ಕೊಟ್ಟ ಹಂಚು ಕೋಣೆಗೆ ಕೂಡಲಿಲ್ಲವೆಂದು ಯಾರೂ ಎತ್ತಿ ಆಡಲಿಲ್ಲ. ಸಂಭಾವಿತ ಜನ.

ಕೊಟ್ಟಿಗೆಯ ಸೊಟ್ಟ ಹಂಚು ಬಾಣಂತಿ ಕೋಣೆಯ ಮೇಲೆ ಹೋಗಿ ಕೂತಿತು, ಅಲ್ಲಿಯೇ ಹುಟ್ಟಿದ್ದಂತೆ. ಇಬ್ಬರಿಗೂ ಮಾವನಾದ ಪರಶುರಾಮರ ಅಪ್ಪ ಒಂದೇ ಭಟ್ಟಿಯಿಂದ ತಂದು ಎರಡೂ ಕಡೆ ಹಚ್ಚಿದ್ದು. ಪರಶುರಾಮ ಮೇಲೆ ಒಂದು ಕೊಡ ನೀರು ಸುರಿದರು. ಕೆಳಗೆ ನಾವೆಲ್ಲ ತೊಟ್ಟಿಲಿನ ಸುತ್ತ ನಿಂತು, ಕತ್ತೆತ್ತಿ, ಬಾಯಿ ತೆರೆದು ನೋಡಿದೆವು. ಬಾಯಿಗೇನೂ ಬೀಳಲಿಲ್ಲ.

ನಮ್ಮ ಮನೆತನದ ಫಸ್ಟ್ ಕ್ಲಾಸ್ ಹಂಚುಗಳು ಈಗ ಚಂದ್ರಿಯ ತಲೆಯ ಮೇಲಿವೆ. ಸೊಂಡಿಲು ಮೇಲೆತ್ತಿದ ಆನೆಗಳ ಕೆಳಗೆ ಒಂದು ಎಮ್ಮೆ. ನಮ್ಮಪ್ಪ ಇದ್ದಿದ್ದರೆ ಏನನ್ನುತ್ತಿದ್ದರೋ ಗೊತ್ತಿಲ್ಲ. ನಾವು ಒಳ್ಳೆಯದನ್ನು ಇನ್ನೊಬ್ಬರಿಗೆ ಕೊಡಲು ಹೊರಡುವಾಗ ನಮ್ಮ ಅಳತೆಯನ್ನೇ ಹಿಡಿದು ಹೊರಡುತ್ತೇವೆ. ಅವರ ಮನೆಯ ಬಾಗು ಎತ್ತ ಕಡೆಗಿದೆ ಎಂದು ಮೊದಲು ಕೇಳಬೇಕೆಂದು ನಮಗೇಕೆ ತೋಚುವುದಿಲ್ಲ? ನನಗಂತೂ ತೋಚಿರಲಿಲ್ಲ.

ಅಪ್ಪಾಸಾಹೇಬರು ಅಂದು ಉಪವಾಸ ಮಲಗಿದರು. ದಾರಿಯುದ್ದಕ್ಕೂ ಒಂದೇ ಮಾತು: "ಶೋಭಾನ ಹೇಳೂ ಧಾಟಿ ನೋಡಿದ್ರೇನ್ರಿ? ನಮ್ಮ ಅಂಗಡಿ ಕೌಂಟರಿಗೆ ಇಂಥಾಕಿ ಬೇಕಾಗಿತ್ತು."

ಈ ವಾರ ಖಾನಾಪುರದ ಕಡೆ ಮಳೆ ಜೋರಾಗಿದೆ. ಹೊಳೆ ತನ್ನ ಕಲ್ಲುಗಳನ್ನೆಲ್ಲ ಮುಚ್ಚಿಕೊಂಡಿದೆಯಂತೆ. ನಿನ್ನೆ ಪರಶುರಾಮ ಫೋನ್ ಮಾಡಿದ್ದರು. ಹಿಂದಿನಿಂದ ಇಬ್ಬರು ಹೆಂಗಸರು ಒಟ್ಟಿಗೆ ಏನೇನೋ ಹೇಳಿಕೊಡುತ್ತಿದ್ದುದರಿಂದ ಅವರ ಮಾತು ಅರ್ಧ ಕೇಳಿಸಿತು. ಕೇಳಿಸಿದ್ದು ಇಷ್ಟು: ಸುನೀತಾಳಿಗೆ ಖಾನಾಪುರದ ದವಾಖಾನೆಯಲ್ಲಿ ಹೆರಿಗೆಯಾಯಿತು, ಹೆಣ್ಣು ಮಗು, ತಾಯಿ ಮಗು ಇಬ್ಬರೂ ತವರಿಗೆ ಬಂದಿದ್ದಾರೆ, ಕೋಣೆ ಸೋರುತ್ತಿಲ್ಲ.